ಹೂವಿನಹಡಗಲಿಯ ರಾಯರೂ ರೇಖೆಗಳ ಕುಲಗಳೂ

ಹೊಸಪೇಟೆ, ಹಂಪೆ, ಕಂಪ್ಲಿಗಳ ಚರಿತ್ರೆಯೆಂದರೆ ವಿಜಯನಗರದ ಅರಸರ ಚರಿತ್ರೆ, ಸಂಡೂರಿನದೆಂದರೆ ಘೋರ್ಪಡೆ ಮನೆತನದ್ದು ಎಂದು ಭಾವಿಸುವುದು ವಾಡಿಕೆ. ಕಲ್ಲಿನಲ್ಲಿ ಉಳಿದುದನ್ನು ಎಲ್ಲರೂ ಕಾಣುವರು. ಗಣಿತದ ಅಂಕಗಳಲ್ಲಿ ಉಳಿದುದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳದು. ಹೊಸಪೇಟೆಯ ನೈಋತ್ಯಕ್ಕಿರುವ ಹೂವಿನಹಡಗಲಿಯಲ್ಲಿ 1920ನೆಯ ಸೆಪ್ಟೆಂಬರ್ 10ರಂದು ಜನಿಸಿದ ಸಿ. ಆರ್. ರಾಯರ ಕೆಲಸವು ಈ ಎರಡನೆಯ ಬಗೆಯದು. ಆಗ ಆ ಊರು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. 2021ರಿಂದ ಹೊಸಪೇಟೆಯನ್ನು ಕೇಂದ್ರವಾಗುಳ್ಳ ವಿಜಯನಗರ ಜಿಲ್ಲೆಗೆ ಸೇರಿದೆ.

ರಾಯರ ಮನೆಮಾತು ತೆಲುಗು. ತಂದೆಯವರು ಪೋಲೀಸ್ ಇಲಾಖೆಯ ಅಧಿಕಾರಿಗಳು. ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಎಂ.ಎ. ಪದವಿಯನ್ನು ಪಡೆದು, 1941ರಲ್ಲಿ ರಾಯರು ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟನ್ನು ಸೇರಿದರು. ಅಲ್ಲಿ ರಾಜಚಂದ್ರ ಬೋಸರು ಬೇಸಾಯದ ಪರೀಕ್ಷೆಗಳ ಏರ್ಪಾಟಿಗೆ ಪರಿಮಿತ ರೇಖಾಗಣಿತವನ್ನು ಬಳಸಬಹುದೆಂದು 1939ರಲ್ಲಿಯೇ ತೋರಿಸಿದ್ದರು.

ಈ ರೇಖಾಗಣಿತವು ಶಾಲೆಯಲ್ಲಿ ಕಲಿಯುವಂತಹುದಲ್ಲ. ಶಾಲೆಯ ರೇಖೆಯ ಮೇಲೆ ಬಿಂದುಗಳು ಅಸಂಖ್ಯ. 1892ರಲ್ಲಿ ಇಟಲಿಯ ಗೀನೋ ಫಾನೋ ಎಂಬ ಪಂಡಿತನು ಎಣಿಕೆಗೆ ಸಿಕ್ಕುವಷ್ಟೇ ಬಿಂದುಗಳಿರುವ ಒಂದು ಆಕಾಶವನ್ನು ಕಲ್ಪಿಸಿದನು. ಅದರಲ್ಲಿ 15 ಬಿಂದುಗಳು, 35 ರೇಖೆಗಳು, 15 ಸಮತಲಗಳು. ಪ್ರತಿಯೊಂದು ರೇಖೆಯಲ್ಲಿ 3 ಬಿಂದುಗಳು, ಪ್ರತಿಯೊಂದು ಸಮತಲದಲ್ಲಿ 7. ಯಾವ ಎರಡು ಬಿಂದುಗಳನ್ನು ಆರಿಸಿದರೂ ಅವೆರಡನ್ನೂ ಒಳಗೊಂಡ ರೇಖೆ ಒಂದೇ ಒಂದು. ಇಲ್ಲಿ ರೇಖೆಯೆಂದರೆ ಎಳೆದ ಗೆರೆಯಲ್ಲ, ಬಿಂದುಗಳ ಒಂದು ಕೂಟ.

ಹಾಗಾದರೆ ಒಂದು ರೇಖಾಕುಲವನ್ನು ಗುರುತಿಸುವುದೆಂತು? ಅಮೆರಿಕದ ಜೇಮ್ಸ್ ಸಿಂಗರನು 1938ರಲ್ಲಿ ಇಂತಹ ಬಿಂದುಗಳನ್ನು ಗಡಿಯಾರದ ಅಂಕಗಳಂತೆ ಚಕ್ರವಾಗಿ ಜೋಡಿಸುವ ಮಾರ್ಗವನ್ನು ತೋರಿಸಿದ್ದನು. ರಾಯರು 1945 ಮತ್ತು 1946ರ ಪ್ರಬಂಧಗಳಲ್ಲಿ ಪರಿಮಿತ ರೇಖಾಗಣಿತವನ್ನು ಶೋಧಿಸಿದರು. 1969ರಲ್ಲಿ ಅಚ್ಚಾದ ಮತ್ತೊಂದರಲ್ಲಿ ಚಕ್ರಗತಿಯಿಂದ ರೇಖೆ, ಸಮತಲ ಮೊದಲಾದುವನ್ನು ಪಡೆಯುವ ಕ್ರಮವನ್ನೇ ವಿಷಯವಾಗಿ ಮಾಡಿಕೊಂಡರು.

ಫಾನೋವಿನ ಆಕಾಶದಲ್ಲಿ ಈ ಕ್ರಮವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಬಿಂದುಗಳಿಗೆ 0ಯಿಂದ 14ರ ವರೆಗೆ ಅಂಕಗಳನ್ನಿಟ್ಟು, 14ರ ಮುಂದೆ ಮರಳಿ 0 ಬರುವಂತೆ ಎಣಿಸಬೇಕು. 0, 1, 4 ಎಂಬುದೊಂದು ರೇಖೆ. ಮೂರಕ್ಕೂ ಒಂದೊಂದನ್ನು ಕೂಡಿಸುತ್ತ ಹೋದರೆ 15 ರೇಖೆಗಳ ಕುಲವಾಗುವುದು. 0, 2, 8 ಎಂಬುದರಿಂದ ಇನ್ನೊಂದು 15. ಆದರೆ 0, 5, 10 ಐದು ಹೆಜ್ಜೆಗೇ ಮೊದಲಿನ ಸ್ಥಾನಕ್ಕೆ ಬರುವುದರಿಂದ ಅದರ ಕುಲದಲ್ಲಿ 5 ರೇಖೆಗಳು ಮಾತ್ರ. ಒಟ್ಟು 35, ಒಂದೂ ಉಳಿಯಲಿಲ್ಲ.

ಕಡೆಯ ಕುಲವು ಕಿರಿದಾದರೂ ಅದರ ಲಕ್ಷಣವು ವಿಶೇಷವಾದುದು: ಪ್ರತಿಯೊಂದು ಬಿಂದುವೂ ಅದರ ಒಂದೇ ರೇಖೆಯಲ್ಲಿದೆ. ಇಷ್ಟರಿಂದಲೇ ಮತ್ತೊಂದು ಗುಣವು ಸಿದ್ಧಿಸುವುದು. ಯಾವ ರೇಖೆಯೂ ಒಂದು ಸಮತಲವನ್ನು ಒಂದು ಬಿಂದುವಿನಲ್ಲಿ ಮುಟ್ಟುವುದು, ಇಲ್ಲವೆ ಅದರಲ್ಲಿ ಪೂರ್ತಿಯಾಗಿ ಅಡಗುವುದು. ಐದು ರೇಖೆಗಳೂ ಒಂದೊಂದು ಬಿಂದುವನ್ನಷ್ಟೇ ಕೊಟ್ಟರೆ ಸಮತಲದ 7ರಲ್ಲಿ 2 ಕಡಮೆಯಾಗುವುವು. ಅಡಗುವ ಪ್ರತಿಯೊಂದು ರೇಖೆಯೂ ಎರಡನ್ನು ಹೆಚ್ಚಾಗಿ ಕೊಡುವುದು. ಆದುದರಿಂದ ಪ್ರತಿ ಸಮತಲದಲ್ಲಿಯೂ ಈ ಕುಲದ ಒಂದೇ ರೇಖೆ ಅಡಗಿರಲೇಬೇಕು.

ಇದು ಬರಿಯ ಬುದ್ಧಿವಿನೋದವಲ್ಲ. ಕಂಪ್ಲಿಯ ಗದ್ದೆಯಲ್ಲಿ 15 ತಳಿಯ ಭತ್ತವನ್ನು ಹೋಲಿಸಿ ನೋಡಬೇಕೆಂದು ಭಾವಿಸೋಣ. ಮಣ್ಣಿನ ಸಾರವು ಎಲ್ಲೆಡೆಯೂ ಒಂದೇ ಆಗಿರದು. ರೇಖೆಗೊಂದರಂತೆ 35 ತುಂಡುಗಳನ್ನು ಮಾಡಿ, ಪ್ರತಿಯೊಂದರಲ್ಲಿ ಆ ರೇಖೆಯ ಮೂರು ತಳಿಗಳನ್ನು ಬಿತ್ತಿದರೆ, ಪ್ರತಿ ತಳಿಯೂ ಏಳು ಸಲ ಬರುವುದು. ಯಾವ ಎರಡು ತಳಿಗಳೂ ಒಂದು ಸಲ ನೆರೆಯಲ್ಲಿ ನಿಲ್ಲುವುವು. ಮಣ್ಣಿನ ಪಕ್ಷಪಾತವು ಹೀಗೆ ಲೆಕ್ಕಕ್ಕೆ ಸಿಕ್ಕುವುದು. ರಾಯರು 1947ರಲ್ಲಿ ಪ್ರಕಟಿಸಿದ ಅಂಕಪಂಕ್ತಿಗಳ ವಿಧಾನವು ಮುಂದೆ ಕಾರ್ಖಾನೆಗಳ ಪರೀಕ್ಷೆಗಳಿಗೂ ಉಪಯೋಗವಾಯಿತು.

ರಾಯರು 2023ನೆಯ ಆಗಸ್ಟ್ 22ರಂದು ಅಮೆರಿಕದಲ್ಲಿ, 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ವಿದ್ಯಾಭ್ಯಾಸದ ಕೀರ್ತಿಯು ಹೂವಿನಹಡಗಲಿಗೆ ಸಲ್ಲದು. ಜನ್ಮಸ್ಥಳವೆಂಬ ಮಾತ್ರದಿಂದ ವಿದ್ಯೆಯ ಮೇಲೆ ಹಕ್ಕೂ ಬಾರದು. ಅದನ್ನು ಕಲಿತವರಿಗೇ ಆ ಹಕ್ಕು. ಮೂರು ರೇಖೆಗಳಿಂದ ಮೂವತ್ತೈದನ್ನು ಬರೆಯುವುದಕ್ಕೆ ಕೂಡುವ ಲೆಕ್ಕವೊಂದು ಸಾಕು. ಈ ಸೀಮೆಯ ಶಾಲೆಗಳ ಮಕ್ಕಳಿಗೆ ಅದು ಅಸಾಧ್ಯವೇನೂ ಅಲ್ಲ.