ಹದದಿಂದ ಮುಳ್ಳಿಗೆ: ಭಾರಯಂತ್ರಗಳ ಮಾಪಕಗಳನ್ನು ಕುರಿತು

ಕೊಳಗ, ಬಳ್ಳ, ಸೇರು, ಮೊಳ, ಮಾರುಗಳನ್ನು ಕುರಿತು ನಮ್ಮ ಜಾನಪದ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಉಗಿಯಂತ್ರದ ಮೈಮೇಲೆ, ಲಾರಿ ಚಾಲಕನ ಕಣ್ಣೆದುರಿಗೆ ಕುಳಿತ ಮಾಪಕಗಳಿಗೆ ಮಾತ್ರ ಅಷ್ಟು ಗಮನ ದೊರೆತಂತಿಲ್ಲ. ಅವು ಕಾರ್ಖಾನೆಯ ಸರಕು, ಜನಪದರ ಸೃಷ್ಟಿಯಲ್ಲ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಈ ವಿಂಗಡಣೆಯನ್ನು ನಾನು ಒಪ್ಪಲಾರೆ. ಮಾಪಕವನ್ನು ಓದುವುದು ಒಂದು ವೃತ್ತಿಜ್ಞಾನವಾದರೆ, ಅದನ್ನು ಶಂಕಿಸುವುದು ಅದಕ್ಕಿಂತ ದೊಡ್ಡ ವೃತ್ತಿಜ್ಞಾನ.

ನಮ್ಮ ಕಸುಬುಗಳಲ್ಲಿ ಅಳತೆಗಿಂತ ಮೊದಲು ಬರುವುದು 'ಹದ'. ಆಲೆಮನೆಯಲ್ಲಿ ಕುದಿಯುವ ಪಾಕವನ್ನು ನೀರಿಗೆ ಬಿಟ್ಟು ಬೆರಳಿನಿಂದ ಹಿಸುಕಿ ಬೆಲ್ಲದ ಹದ ನೋಡುತ್ತಾರೆ. ಕಮ್ಮಾರ ಕಾದ ಕಬ್ಬಿಣದ ಬಣ್ಣವನ್ನು ನೋಡುತ್ತಾನೆ. ಕುಂಬಾರ ಮಡಕೆಯನ್ನು ತಟ್ಟಿ ನಾದ ಕೇಳುತ್ತಾನೆ. ಇಲ್ಲೆಲ್ಲ ಅಳೆಯಬೇಕಾದುದು ಇಂದ್ರಿಯಗಳಿಗೆ ದಕ್ಕುತ್ತದೆ. ಬಾಯ್ಲರಿನೊಳಗೆ ಬಂಧಿತವಾದ ಉಗಿಯಾದರೋ ಒಡೆಯುವವರೆಗೂ ಮೌನವಾಗಿರಬಲ್ಲದು.

1803ರಲ್ಲಿ ಇಂಗ್ಲೆಂಡಿನ ಗ್ರೀನಿಚ್‌ನಲ್ಲಿ ರಿಚರ್ಡ್ ಟ್ರೆವಿಥಿಕ್‌ನ ಅಧಿಕ ಒತ್ತಡದ ಬಾಯ್ಲರೊಂದು ಸಿಡಿದು ಕೆಲಸಗಾರರು ಸತ್ತರು. ಯಂತ್ರವನ್ನು ನೋಡಿಕೊಳ್ಳಬೇಕಾಗಿದ್ದ ಹುಡುಗ ಹಾವುಮೀನು ಹಿಡಿಯಲು ಹೋಗಿದ್ದನೆಂದು ಆ ಕಾಲದ ವರದಿ ಹೇಳುತ್ತದೆ. ಹುಡುಗನ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಟ್ರೆವಿಥಿಕ್ ತನ್ನ ಯಂತ್ರವನ್ನೇ ತಿದ್ದಿದ. ಎರಡು ಸುರಕ್ಷಾ ಕವಾಟಗಳನ್ನು, ಪಾದರಸದ ಒತ್ತಡಮಾಪಕವನ್ನು, ಒಲೆಯ ನೆತ್ತಿಗೆ ಸೀಸದ ಬಿರಡೆಯನ್ನು ಅಳವಡಿಸಿದ. ನೀರು ತಗ್ಗಿದರೆ ಸೀಸ ಕರಗಿ, ಉಗಿ ಒಲೆಯೊಳಕ್ಕೆ ನುಗ್ಗಿ ಎಚ್ಚರಿಸುತ್ತಿತ್ತು.

ಪಾದರಸಕ್ಕೆ ಒಂದು ತೊಡಕಿತ್ತು. ಒಂದು ವಾಯುಮಂಡಲದಷ್ಟು ಒತ್ತಡವನ್ನು ತೋರಿಸಲು 76 ಸೆಂಟಿಮೀಟರ್ ಎತ್ತರದ ಕಂಬ ಬೇಕು. ಎಂಟು ಪಟ್ಟು ಒತ್ತಡಕ್ಕೆ ಆರು ಮೀಟರಿಗೂ ಮಿಕ್ಕಿ. ಕುಲುಕುತ್ತ ಓಡುವ ರೈಲು ಎಂಜಿನ್ನಿನ ಮೇಲೆ ಅದನ್ನು ನಿಲ್ಲಿಸುವುದೆಲ್ಲಿ? ಈ ತೊಡಕನ್ನು ಬಿಡಿಸಿದವನು ಪ್ಯಾರಿಸ್ಸಿನ ಯೂಜೀನ್ ಬೂರ್ಡಾನ್. 1849ರಲ್ಲಿ ಅವನು ಹಕ್ಕುಪತ್ರ ಪಡೆದ ಮಾಪಕದಲ್ಲಿರುವುದು ಚಪ್ಪಟೆಯಾಗಿಸಿ ಬಾಗಿಸಿದ ಲೋಹದ ಕೊಳವೆ. ಒಳಗಿನ ಒತ್ತಡ ಏರಿದಂತೆ ಕೊಳವೆ ನೆಟ್ಟಗಾಗಲು ಹವಣಿಸುತ್ತದೆ. ಆ ಅಲ್ಪ ಚಲನೆಯನ್ನು ಹಲ್ಲುಚಕ್ರವು ಹಿಗ್ಗಿಸಿ ಮುಳ್ಳನ್ನು ತಿರುಗಿಸುತ್ತದೆ. ಜಾತ್ರೆಯಲ್ಲಿ ಮಕ್ಕಳು ಊದುವ, ಊದಿದರೆ ಸುರುಳಿ ಬಿಚ್ಚಿಕೊಳ್ಳುವ ಕಾಗದದ ಪೀಪಿಯನ್ನು ನೆನೆದರೆ ಈ ತತ್ತ್ವ ತಿಳಿಯುತ್ತದೆ. ತಕ್ಕಡಿಗೂ ಗಡಿಯಾರಕ್ಕೂ ಸಲ್ಲುತ್ತಿದ್ದ 'ಮುಳ್ಳು' ಎಂಬ ಮಾತನ್ನು ಕನ್ನಡಿಗರು ಈ ಹೊಸ ವಸ್ತುವಿಗೂ ಸಲೀಸಾಗಿ ಕೊಟ್ಟರು.

1863ರಲ್ಲಿ ಕಲ್ಕತ್ತೆಯಲ್ಲಿ ನಡೆದ ಬಾಯ್ಲರ್ ಸ್ಫೋಟದ ಪರಿಣಾಮವಾಗಿ ಮರುವರ್ಷ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾಯಿದೆ ಬಂದಿತು. ಜೋಲಾರಪೇಟೆಯಿಂದ ಬೆಂಗಳೂರಿಗೆ ಉಗಿಬಂಡಿ ಬಂದುದೂ ಅದೇ 1864ರಲ್ಲಿ. ಮುಂದೆ 1923ರ ಕಾಯಿದೆ ದೇಶಮಟ್ಟದ್ದಾಯಿತು. 2025ರಲ್ಲಿ ಅದರ ಸ್ಥಾನಕ್ಕೆ ಹೊಸ ಕಾಯಿದೆ ಬಂದಿದೆ. ಒತ್ತಡಮಾಪಕದ ಮುಖದ ಮೇಲೆ ಗರಿಷ್ಠ ಒತ್ತಡವನ್ನು ಸೂಚಿಸುವ ಕೆಂಪು ಗೆರೆ ಯಂತ್ರದ ಮೇಲೆ ಪ್ರಭುತ್ವವು ಎಳೆದ ಗೆರೆಯೂ ಹೌದು.

ಆದರೆ ಮಾಪಕವೂ ಸುಳ್ಳಾಡಬಲ್ಲದು. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಕೆಳದಾರಿಯಲ್ಲಿ ಗಸಿ ಕಟ್ಟಿದರೆ, ಒಳಗೆ ನೀರು ಇಳಿದರೂ ಗಾಜಿನಲ್ಲಿ ನೀರು ನಿಂತೇ ಇರುತ್ತದೆ. ಆದ್ದರಿಂದ ಪಾಳಿಗೆ ಬಂದವನು ಮೊದಲು ನಲ್ಲಿಗಳನ್ನು ಒಂದೊಂದಾಗಿ ತೆರೆದು ಮುಚ್ಚಿ, ಗಾಜಿನೊಳಗೆ ಉಗಿಯನ್ನೂ ನೀರನ್ನೂ ಹಾಯಿಸಿ, ನೀರು ಚುರುಕಾಗಿ ಮರಳಿ ಏರಿತೇ ಎಂದು ನೋಡುತ್ತಾನೆ. ಮಂದವಾಗಿ ಏರಿದರೆ ಗಾಜನ್ನು ನಂಬುವುದಿಲ್ಲ. ಪಾಕವನ್ನು ನೀರಿಗೆ ಬಿಟ್ಟು ನೋಡುವ ಕೈಯೇ ಇಲ್ಲಿ ನಲ್ಲಿ ತಿರುವುತ್ತಿದೆಯೆನ್ನಬಹುದು. ಮಾಪಕ ಬಂದೊಡನೆ ಹದಜ್ಞಾನ ಅಳಿಯಿತೆಂಬ ಮಾತನ್ನು ಈ ಕಾರಣಕ್ಕಾಗಿಯೇ ಪುನರ್ವಿಮರ್ಶಿಸಬೇಕಾಗಿದೆ. ಯಂತ್ರವನ್ನು ಅರಿಯುವ ಹದವು ಮಾಪಕವನ್ನು ಅರಿಯುವ ಹದವಾಗಿ ಮಾರ್ಪಟ್ಟಿತು.

ಲಾರಿಗಳ ಪ್ರಸಂಗದಲ್ಲಿ ಈ ಕೊಂಡಿ ಸಡಿಲವಾಗಿರುವುದು ಕಾಣುತ್ತದೆ. ಹಳೆಯ ಲಾರಿಗಳಲ್ಲಿ ಬ್ರೇಕಿನ ಗಾಳಿಯ ಕೊಳವೆ ನೇರವಾಗಿ ಮಾಪಕದ ಬೆನ್ನಿಗೇ ಬರುತ್ತಿತ್ತು. 1990ರ ದಶಕದಿಂದೀಚೆಗೆ ಸಂವೇದಕ, ಗಣಕ, ತಂತಿಜಾಲಗಳ ಮೂಲಕ ಸುದ್ದಿ ಬಂದು, ಪುಟ್ಟ ಮೋಟಾರೊಂದು ಮುಳ್ಳನ್ನು ತಿರುಗಿಸುವ ಕ್ರಮ ಹಬ್ಬಿತು; ಕೆಲವೆಡೆ ಮುಳ್ಳೂ ಇಲ್ಲ, ಪರದೆಯ ಮೇಲಿನ ಚಿತ್ರ ಮಾತ್ರ. ಗಣಕವು ತಂತಿ ಕಡಿದುದನ್ನು ತಾನೇ ಕಂಡು ದೀಪ ಹೊತ್ತಿಸಬಲ್ಲದೆಂಬುದು ಸಣ್ಣ ಅನುಕೂಲವಲ್ಲ. ಆದರೆ ಚಾಲಕನ ಕೈಗೆ ಸಿಗುವ ನಲ್ಲಿ ಇಲ್ಲಿಲ್ಲ. ಕೀಲಿ ತಿರುಗಿಸಿದಾಗ ಎಚ್ಚರಿಕೆಯ ದೀಪಗಳು ಒಮ್ಮೆ ಬೆಳಗುತ್ತವೆ. ಅದರಿಂದ ತಿಳಿಯುವುದು ದೀಪ ಸುಸ್ಥಿತಿಯಲ್ಲಿದೆ ಎಂಬುದಷ್ಟೇ. ಹೆದ್ದಾರಿಯ ಢಾಬಾಗಳ ಮುಂದೆ ಇಂದಿಗೂ ಚಾಲಕರು ಕೆಳಗಿಳಿದು, ಸರಳಿನಿಂದ ಒಂದೊಂದೇ ಟೈರನ್ನು ಬಡಿದು ಶಬ್ದ ಕೇಳಿ, ಗಾಲಿಯ ಗುಂಬದ ಮೇಲೆ ಅಂಗೈಯಿಟ್ಟು ಬಿಸಿ ನೋಡಿ, ಅನಂತರವೇ ಊಟಕ್ಕೆ ಹೋಗುವುದನ್ನು ಕಾಣಬಹುದು.