ಅಮೆರಿಕ-ಕೆನಡಾ ಮೃದುಮರದ ಜಗಳ

ಅಮೆರಿಕದಲ್ಲಿ ಸಾಮಾನ್ಯ ಮನೆಗಳ ಚೌಕಟ್ಟು ಇಟ್ಟಿಗೆಯದಲ್ಲ, ಮರದ್ದು. ಅದಕ್ಕೆ ಬೇಕಾದ ಪೈನ್, ಸ್ಪ್ರೂಸ್, ಫರ್ ನಾಟಾದ ದೊಡ್ಡ ಪಾಲು ಗಡಿಯಾಚೆಯ ಕೆನಡಾದಿಂದ ಬರುತ್ತದೆ. ಜಗಳದ ಮೂಲ ಕಾಡಿನ ಒಡೆತನದಲ್ಲಿದೆ. ಕೆನಡಾದ ಬಹುಪಾಲು ಅರಣ್ಯ ಪ್ರಾಂತೀಯ ಸರ್ಕಾರಗಳದ್ದು. ಮರ ಕಡಿಯುವ ಶುಲ್ಕವನ್ನು ಅವೇ ನಿಗದಿಪಡಿಸುತ್ತವೆ. ಅಮೆರಿಕದಲ್ಲಿ ಹೆಚ್ಚಿನ ಮರ ಖಾಸಗಿ ಜಮೀನಿನದು, ದರ ಮಾರುಕಟ್ಟೆಯದು. ಕೆನಡಾದ ಕಡಿಮೆ ಶುಲ್ಕವೇ ಸಬ್ಸಿಡಿ ಎಂಬುದು ಅಮೆರಿಕದ ಮಿಲ್ ಮಾಲೀಕರ ದೂರು. ಕೆನಡಾ ಇದನ್ನು ಒಪ್ಪುವುದಿಲ್ಲ.

1982ರ ಮೊದಲ ದೂರು ಮರುವರ್ಷವೇ ಬಿದ್ದುಹೋಯಿತು. 1986ರಲ್ಲಿ ಕೆನಡಾ ತಾನೇ ಶೇ. 15 ರಫ್ತು ತೆರಿಗೆ ಹಾಕಲು ಒಪ್ಪಿತು, 1991ರಲ್ಲಿ ಕೈಬಿಟ್ಟಿತು. 1996ರ ಒಪ್ಪಂದ ಐದು ವರ್ಷ ನಡೆಯಿತು. 2002ರಲ್ಲಿ ಅಮೆರಿಕ ಸುಮಾರು ಶೇ. 27 ಸುಂಕ ಹೇರಿತು. ವಿಚಿತ್ರವೆಂದರೆ, ಹಾಗೆ ವಸೂಲಾದ ಸುಮಾರು 500 ಕೋಟಿ ಡಾಲರಿನಲ್ಲಿ 400 ಕೋಟಿಯಷ್ಟನ್ನು 2006ರ ರಾಜಿಯಂತೆ ಹಿಂತಿರುಗಿಸಬೇಕಾಯಿತು!

ಆ ರಾಜಿ 2015ರಲ್ಲಿ ಮುಗಿಯಿತು. 2017ರಿಂದ ಮತ್ತೆ ಸುಂಕ. 2025ರ ಆಗಸ್ಟ್‌ನಲ್ಲಿ ಅದು ಹೆಚ್ಚಿನ ಕಂಪನಿಗಳಿಗೆ ಸುಮಾರು ಶೇ. 35ಕ್ಕೇರಿತು, ಅಕ್ಟೋಬರಿನಲ್ಲಿ ಇನ್ನೂ ಶೇ. 10 ಸೇರಿತು. ಬ್ರಿಟಿಷ್ ಕೊಲಂಬಿಯಾದಲ್ಲಿ ಹಲವು ಮಿಲ್‌ಗಳು ಬಾಗಿಲು ಹಾಕಿ, ಅವನ್ನೇ ನಂಬಿದ್ದ ಊರುಗಳು ಕೆಲಸ ಕಳೆದುಕೊಂಡಿವೆ. ಎಲ್ಲ ತಪ್ಪೂ ಸುಂಕದ್ದಲ್ಲ. ಪೈನ್ ಕೊರೆಯುವ ದುಂಬಿ, ಕಾಡ್ಗಿಚ್ಚು ಸಹ ಅಲ್ಲಿನ ಮರ ತಿಂದಿವೆ.