ಎವುಸ್ಕಾದಿಕೊ ಎಸ್ಕೆರ್ರಾ: ಬಂದೂಕಿನಿಂದ ಮತಪೆಟ್ಟಿಗೆಗೆ

ಸ್ಪೇನಿನ ಉತ್ತರಕ್ಕಿರುವ ಬಾಸ್ಕ್ ನಾಡಿನ ನುಡಿಗೆ ಜಗತ್ತಿನ ಬೇರಾವ ಜೀವಂತ ಭಾಷೆಯೊಡನೆಯೂ ನಂಟು ಸಿದ್ಧಪಟ್ಟಿಲ್ಲ. ಫ್ರಾಂಕೋನ ಸರ್ವಾಧಿಕಾರವು ಆ ನುಡಿಯನ್ನು ಶಾಲೆಯಿಂದಲೂ ಕಚೇರಿಯಿಂದಲೂ ಹೊರದೂಡಿತು. ಕೆರಳಿದ ತರುಣರಲ್ಲಿ ಕೆಲವರು ಎಟಾ ಎಂಬ ಸಶಸ್ತ್ರ ಸಂಘಟನೆಯನ್ನು ಸೇರಿದರು. ಅವರಲ್ಲೊಬ್ಬರಾದ ಮಾರಿಯೋ ಒನೈಂದಿಯಾರಿಗೆ 1970ರಲ್ಲಿ ಬುರ್ಗೋಸಿನ ಸೈನಿಕ ನ್ಯಾಯಾಲಯವು ಮರಣದಂಡನೆ ವಿಧಿಸಿತು. ಲೋಕದ ಪ್ರತಿಭಟನೆಗೆ ಮಣಿದು ಅದನ್ನು ಸೆರೆವಾಸಕ್ಕಿಳಿಸಲಾಯಿತು.

ಫ್ರಾಂಕೋ 1975ರಲ್ಲಿ ಗತಿಸಿದನು. 1977ರ ಚುನಾವಣೆಗೆಂದು ಎಡಪಂಥೀಯರ ಮೈತ್ರಿಕೂಟವಾಗಿ ಎವುಸ್ಕಾದಿಕೊ ಎಸ್ಕೆರ್ರಾ, ಎಂದರೆ 'ಬಾಸ್ಕ್ ನಾಡಿನ ಎಡಪಂಥ', ಉದಯಿಸಿತು. 1978ರ ಸಂವಿಧಾನವನ್ನು ಅದು ವಿರೋಧಿಸಿತು. ಮರುವರ್ಷವೇ ಗೆರ್ನಿಕಾದ ಸ್ವಾಯತ್ತತಾ ಶಾಸನವನ್ನು ಬೆಂಬಲಿಸಿತು. ಈ ಎರಡು ನಿಲುವುಗಳ ನಡುವಣ ನಡೆಯಲ್ಲಿಯೇ ಅದರ ಚರಿತ್ರೆಯ ತಿರುಳಿದೆ. ನಾಡಿಗೆ ತನ್ನದೇ ಶಾಸನಸಭೆ ದೊರೆತ ಮೇಲೆ ಬಂದೂಕಿಗೆ ಸಮರ್ಥನೆ ಉಳಿಯದೆಂದು ಅದರ ಧುರೀಣರು ಬಗೆದರು. ನ್ಯಾಯವಾದಿ ಹ್ವಾನ್ ಮರಿಯಾ ಬಾಂದ್ರೆಸ್ ಹಾಗೂ ಒನೈಂದಿಯಾ ಸರ್ಕಾರದೊಡನೆ ನಡೆಸಿದ ಸಂಧಾನದ ಫಲವಾಗಿ, 1982ರಲ್ಲಿ ಎಟಾದ 'ರಾಜಕೀಯ-ಸೈನಿಕ' ಶಾಖೆಯ ಒಂದು ಬಣ ಶಸ್ತ್ರ ತ್ಯಜಿಸಿತು. ಸೆರೆಯಲ್ಲಿದ್ದವರಿಗೂ ದೇಶಾಂತರ ಹೋದವರಿಗೂ ಮನೆಗೆ ಮರಳುವ ದಾರಿ ತೆರೆಯಿತು.

ಅದೇ ವರ್ಷ ಕಮ್ಯುನಿಸ್ಟರ ಒಂದು ಗುಂಪು ಕೂಡಿಕೊಂಡು ಪಕ್ಷವು ಹೊಸರೂಪ ತಾಳಿತು. ಕ್ರಮೇಣ ಸಮಾಜವಾದಿ ಪ್ರಜಾಸತ್ತೆಯತ್ತ ವಾಲಿತು. 1986ರಲ್ಲಿ ಬಾಸ್ಕ್ ಶಾಸನಸಭೆಯ 75 ಸ್ಥಾನಗಳಲ್ಲಿ 9 ಅದಕ್ಕೆ ದಕ್ಕಿದವು. 1990ರಲ್ಲಿ ಆರೇ ಉಳಿದವು. 1993ರಲ್ಲಿ ಅದು ಸಮಾಜವಾದಿ ಪಕ್ಷದಲ್ಲಿ ಲೀನವಾಯಿತು, ಒಪ್ಪದವರು ಬೇರೆಯಾದರು. ಆ ಪಕ್ಷದ ಬಾಸ್ಕ್ ಶಾಖೆಯ ಹೆಸರಿನಲ್ಲಿ ಇದರ ಹೆಸರು ಇಂದಿಗೂ ಸೇರಿದೆ.

ಎಟಾದ ಉಳಿದ ಭಾಗವು ಕೊಲೆಯ ಹಾದಿಯನ್ನು ಬಿಟ್ಟುದು 2011ರಲ್ಲಿ. ಹದಿನಾರು ವರ್ಷ ಬಾಳಿದ ಕಿರುಪಕ್ಷವೊಂದು ಆ ವಿವೇಕವನ್ನು ಮೂರು ದಶಕ ಮೊದಲೇ ಆಚರಿಸಿ ತೋರಿತ್ತು.